ಬಾಣ ಬಿಡುವ ಬಂದರು: ಕಡಲು ಸೋತ ಮೇಲೂ ಉಳಿದ ಒಂದು ಕೊಲ್ಲಿಯ ಪ್ರಕರಣ

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ದ್ವೀಪಗಳ ಮ್ಯಾಪ್ ಆಡಿದವರೆಲ್ಲ ಒಪ್ಪುವ ಮಾತು ಒಂದಿದೆ: ಕಡಲು ಹೋದರೆ ಆಟ ಹೋದ ಹಾಗೆ. ಎದುರಾಳಿಯ ಗ್ಯಾಲಿಗಳು, ಅಂದರೆ ಯುದ್ಧದ ಹಡಗುಗಳು, ದಡದ ಸುತ್ತ ತಿರುಗಾಡತೊಡಗಿದರೆ ಮೀನುಗಾರಿಕೆ ನಿಲ್ಲುತ್ತದೆ, ನೀರಿನ ಹತ್ತಿರ ಮರ ಕಡಿಯುವವರು ಸಾಯುತ್ತಾರೆ, ಹೊಸ ಡಾಕ್ (ಹಡಗುಕಟ್ಟೆ) ಕಟ್ಟಲು ಹೋದರೆ ಅಡಿಪಾಯದಲ್ಲೇ ಒಡೆದು ಹಾಕುತ್ತಾರೆ. ಹೆಚ್ಚಿನವರು ಅಲ್ಲಿಗೇ ಸೋಲೊಪ್ಪಿ ರಿಸೈನ್ ಒತ್ತಿ ಎದ್ದುಬಿಡುತ್ತಾರೆ. ನಾನು ಇಲ್ಲಿ ಬಿಡಿಸಿ ನೋಡಹೊರಟಿರುವ ಪಂದ್ಯದಲ್ಲಿ ಹಾಗಾಗಲಿಲ್ಲ. ತೆರೆದ ಕಡಲನ್ನು ಪೂರ್ತಿ ಕಳೆದುಕೊಂಡ, ಮಲಯರ ಪಾಳಯ ಹಿಡಿದಿದ್ದ ಆಟಗಾರ ಒಂದೇ ಒಂದು ಕೊಲ್ಲಿಯನ್ನು ಹಿಡಿದು ಕೂತ. ಆ ಕೊಲ್ಲಿಯಿಂದಲೇ ಪಂದ್ಯವನ್ನು ತಿರುಗಿಸಿದ.

ಆಡಿದವರು ನಮ್ಮ ಮನೆಯವರೇ. ಮಲಯರನ್ನು ಆಡಿದ್ದು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ. ಎದುರಿಗೆ ಪೋರ್ಚುಗೀಸರನ್ನು ಹಿಡಿದಿದ್ದವರು ಅವನ ಅಕ್ಕನ ಗಂಡ, ಅಂದರೆ ಅವನ ಭಾವ. ಇಬ್ಬರೂ ವಾಯ್ಸ್ ಚಾಟ್‌ನಲ್ಲಿ ಮಾತಾಡಿಕೊಂಡೇ ಆಡುವವರು. ಪಂದ್ಯದ ರೆಕಾರ್ಡಿಂಗ್ ನನ್ನ ಕೈಗೆ ಬಂದ ಮೇಲೆ ಎರಡೂ ಕಡೆಯ ಕಣ್ಣಿನಿಂದ ನೋಡಿದೆ. ಆಟದಲ್ಲಿ ಆಗಾಗ ಪ್ಯಾಚ್ ಬಂದು ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಹಾರ್ಬರ್‌ನ, ಅಂದರೆ ಬಾಣ ಬಿಡುವ ಡಾಕ್‌ನ, ಜೀವ ಎಷ್ಟು, ಬಾಣದ ಪೆಟ್ಟು ಎಷ್ಟು ಎಂಬ ಲೆಕ್ಕಕ್ಕೆ ಹೋಗುವುದಿಲ್ಲ. ಕಟ್ಟಡವನ್ನು ಎಲ್ಲಿ ಕಟ್ಟಿದ, ಯಾವಾಗ ಕಟ್ಟಿದ, ಯಾವುದಕ್ಕಾಗಿ ಕಟ್ಟಿದ ಎಂಬುದಷ್ಟೇ ಇಲ್ಲಿನ ವಿಷಯ.

ಹಾರ್ಬರ್ ಕೊಡುವುದೇನು

2016ರ ಡಿಸೆಂಬರ್‌ನಲ್ಲಿ ಬಂದ ರೈಸ್ ಆಫ್ ದಿ ರಾಜಾಸ್ ಎಕ್ಸ್‌ಪಾನ್ಷನ್, ಬರ್ಮೀಸ್, ಖ್ಮೇರ್ ಮತ್ತು ವಿಯೆಟ್ನಾಮೀಸರ ಜೊತೆಗೆ ಮಲಯರನ್ನು ಆಟಕ್ಕೆ ತಂದಿತು. ಮಲಯರಿಗೆ ಮಾತ್ರ ಸಿಗುವ ಥಲಸಾಕ್ರಸಿ ಎಂಬ ತಂತ್ರಜ್ಞಾನವನ್ನು ಕ್ಯಾಸಲ್‌ನಲ್ಲಿ (ಕೋಟೆಯಲ್ಲಿ) ಸಂಶೋಧಿಸಿದರೆ, ಅಷ್ಟು ಹೊತ್ತಿಗೆ ಕಟ್ಟಿರುವ ಡಾಕ್‌ಗಳೆಲ್ಲ ಒಂದೇ ಕ್ಷಣಕ್ಕೆ ಹಾರ್ಬರ್‌ಗಳಾಗುತ್ತವೆ. ಹಡಗು ಕಟ್ಟುವುದು, ಮೀನು ಇಳಿಸಿಕೊಳ್ಳುವುದು, ನೌಕಾ ಅಪ್‌ಗ್ರೇಡ್‌ಗಳು ಎಲ್ಲ ಹಿಂದಿನಂತೆಯೇ ಇರುತ್ತವೆ. ಹೊಸದಾಗಿ ಸೇರುವುದು ಬಾಣ: ಹತ್ತಿರ ಬಂದ ಶತ್ರುವಿನ ಮೇಲೆ ಕಟ್ಟಡವೇ ಬಾಣ ಬಿಡುತ್ತದೆ.

ಬಹಳ ಮಂದಿ ಇದನ್ನು ನೀರಿನ ಮೇಲಿನ ಕೋಟೆ ಎಂದುಕೊಂಡು ಕಟ್ಟುತ್ತಾರೆ. ಒಂದು ಹಾರ್ಬರ್ ಒಂಟಿಯಾಗಿ ನಿಂತು ಇಡೀ ನೌಕಾಪಡೆಯನ್ನು ತಡೆಯುವುದಿಲ್ಲ. ಹತ್ತು ವಾರ್ ಗ್ಯಾಲಿಗಳು ಒಟ್ಟಿಗೆ ಬಂದರೆ ಅದು ಕೂಡ ಉರಿದು ಬೀಳುತ್ತದೆ. ಅದರ ನಿಜವಾದ ಬಲ ಇರುವುದು ಬೆಲೆಯಲ್ಲಿ. ವಾಚ್ ಟವರ್‌ಗೆ ಮರದ ಜೊತೆ 125 ಕಲ್ಲು ಬೇಕು. ಕ್ಯಾಸಲ್‌ಗೆ 650 ಕಲ್ಲು. ಹಾರ್ಬರ್‌ಗೆ ಡಾಕ್‌ನ ಬೆಲೆಯೇ, 150 ಮರ. ಕಲ್ಲೇ ಕೇಳದೆ ಬಾಣ ಬಿಡುವ ಕಟ್ಟಡ ಆಟದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದ್ವೀಪದಲ್ಲಿ ಕಲ್ಲು ಒಂದು ದಿನ ಮುಗಿಯುತ್ತದೆ, ಕಾಡು ಅಷ್ಟು ಬೇಗ ಮುಗಿಯುವುದಿಲ್ಲ. ಒಂದು ಹಾರ್ಬರ್ ಬಿದ್ದರೆ ಇನ್ನೊಂದನ್ನು ಕಟ್ಟಲು ಮರ ಕಡಿಯುವವರಿದ್ದರೆ ಸಾಕು.

ಇದರ ಜೊತೆಗೆ ಮಲಯರಿಗೆ ಇನ್ನೂ ಮೂರು ಅನುಕೂಲಗಳಿವೆ, ಮೂರೂ ಈ ಪಂದ್ಯದಲ್ಲಿ ಕೆಲಸಕ್ಕೆ ಬಂದವು. ಅವರ ಫಿಶ್ ಟ್ರ್ಯಾಪ್‌ಗಳು (ನೀರಲ್ಲಿ ಹಾಕುವ ಮೀನಿನ ಬಲೆಗಳು) ಮೂರನೇ ಒಂದು ಭಾಗದಷ್ಟು ಅಗ್ಗ, ಬೇರೆಯವರ ಟ್ರ್ಯಾಪ್‌ಗಿಂತ ಎಷ್ಟೋ ಹೆಚ್ಚು ಕಾಲ ಆಹಾರ ಕೊಡುತ್ತವೆ. ಆಟದ ಒಂದು ಯುಗದಿಂದ ಇನ್ನೊಂದಕ್ಕೆ (ಫ್ಯೂಡಲ್, ಆಮೇಲೆ ಕ್ಯಾಸಲ್, ಕೊನೆಗೆ ಇಂಪೀರಿಯಲ್) ಅವರು ಬೇಗ ದಾಟುತ್ತಾರೆ. ಇಂಪೀರಿಯಲ್ ಯುಗದಲ್ಲಿ ಫೋರ್ಸ್ಡ್ ಲೆವಿ ಸಂಶೋಧಿಸಿದರೆ ಅವರ ಕತ್ತಿ ಹಿಡಿದ ಕಾಲಾಳುಗಳು ಚಿನ್ನವಿಲ್ಲದೆ, ಬರೀ ಆಹಾರದಿಂದ ತಯಾರಾಗುತ್ತಾರೆ. ನನ್ನ ಪ್ರಕಾರ ಮಲಯರ ಇಡೀ ವಿನ್ಯಾಸ ಈ ಸರಪಳಿಯಲ್ಲೇ ಇದೆ: ಮರದಿಂದ ಹಾರ್ಬರ್, ಹಾರ್ಬರ್‌ನ ನೆರಳಲ್ಲಿ ಮೀನು, ಮೀನಿನಿಂದ ಸೈನಿಕರು. ಹಾರ್ಬರನ್ನು ಈ ಸರಪಳಿಯಿಂದ ಕಿತ್ತು ಒಂಟಿಯಾಗಿ ನೋಡಿದರೆ ಅದು ದುರ್ಬಲ ಗೋಪುರದಂತೆ ಕಾಣುತ್ತದೆ.

ಚರಿತ್ರೆಗೂ ಇದು ತೀರಾ ದೂರವಲ್ಲ. 7ನೇ ಶತಮಾನದಿಂದ ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ಕೂತು ಮಲಕ್ಕಾ ಜಲಸಂಧಿಯ ವ್ಯಾಪಾರವನ್ನು ಹಿಡಿದಿಟ್ಟ ಶ್ರೀವಿಜಯ ಸಾಮ್ರಾಜ್ಯಕ್ಕೆ ವಿಶಾಲವಾದ ನೆಲ ಬೇಕಿರಲಿಲ್ಲ. ಚೀನಾಕ್ಕೂ ಭಾರತಕ್ಕೂ ನಡುವೆ ಓಡಾಡುವ ಹಡಗು ತನ್ನ ಬಂದರಿಗೆ ಬಂದೇ ಹೋಗುವಂತೆ ಮಾಡಿದರೆ ಸಾಕಿತ್ತು. ಒರಾಂಗ್ ಲಾವುತ್ ಎಂಬ ಕಡಲ ಜನ ತಮ್ಮ ದೋಣಿಗಳಲ್ಲಿ ಆ ಕೆಲಸ ಮಾಡಿಕೊಡುತ್ತಿದ್ದರು. 1025ರಲ್ಲಿ ರಾಜೇಂದ್ರ ಚೋಳನ ನೌಕಾಪಡೆ ಅಲ್ಲಿಯ ತನಕ ಹೋಗಿ ಹೊಡೆದದ್ದೂ ಆ ಬಂದರುಗಳನ್ನೇ. ಅಲ್ಲಿ ಬಾಣ ಬಿಡುವ ಹಡಗುಕಟ್ಟೆ ಇತ್ತು ಎಂದೇನಲ್ಲ. ಬಂದರು ಮತ್ತು ಅದರ ಕಾವಲು ಒಂದೇ ಎಂಬ ಕಲ್ಪನೆಯನ್ನು ಆಟದವರು ಒಂದು ಕಟ್ಟಡಕ್ಕೆ ಇಳಿಸಿದ್ದಾರೆ, ಚೆನ್ನಾಗಿ ಇಳಿಸಿದ್ದಾರೆ.

ಕಡಲು ಹೋದ ಬಗೆ

ಮ್ಯಾಪ್ ಆರ್ಕಿಪೆಲಗೊ. ಇಬ್ಬರಿಗೂ ದೊಡ್ಡ ದ್ವೀಪ, ನಡುವೆ ಸಣ್ಣಪುಟ್ಟ ನಡುಗಡ್ಡೆಗಳು. ಮೊದಲ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ಯೂಡಲ್ ಯುಗದಲ್ಲಿ ತಮ್ಮ ಗ್ಯಾಲಿ ಮಾಡಿದ, ಭಾವ ಬೆಂಕಿ ಉಗುಳುವ ಫೈರ್ ಗ್ಯಾಲಿ ಮಾಡಿದರು. ಹತ್ತಿರಕ್ಕೆ ಬಂದ ಫೈರ್ ಗ್ಯಾಲಿಯ ಮುಂದೆ ಗ್ಯಾಲಿ ನಿಲ್ಲುವುದಿಲ್ಲ. ಪೋರ್ಚುಗೀಸ್ ಹಡಗುಗಳಿಗೆ ಹುಟ್ಟಿನಿಂದಲೇ ಜೀವ ಹೆಚ್ಚು, ಚಿನ್ನದ ಖರ್ಚೂ ಕಡಿಮೆ. ಕ್ಯಾಸಲ್ ಯುಗಕ್ಕೆ ಬರುವಷ್ಟರಲ್ಲಿ ಪೂರ್ವದ ಡಾಕ್ ಹೋಗಿತ್ತು, ಆಳಕಡಲಿನ ಮೀನೆಲ್ಲ ಭಾವನ ಪಾಲಾಗಿತ್ತು. ವಾರ್ ಗ್ಯಾಲಿಗಳ ಜೊತೆ ಕ್ಯಾರವೆಲ್‌ಗಳು ಸೇರಿಕೊಂಡವು. ಕ್ಯಾರವೆಲ್ ಬಿಡುವ ಈಟಿ ಒಂದು ಹಡಗನ್ನು ಹೊಡೆದು ಅಲ್ಲಿಗೇ ನಿಲ್ಲುವುದಿಲ್ಲ, ಅದರ ಹಿಂದೆ ಸಾಲಾಗಿ ನಿಂತವನ್ನೂ ಸೀಳಿಕೊಂಡು ಹೋಗುತ್ತದೆ. ಗುಂಪಾಗಿ ಓಡುತ್ತಿದ್ದ ಮೀನುಗಾರಿಕೆ ಹಡಗುಗಳು ಹೀಗೇ ನಾಶವಾದವು.

ತಮ್ಮನಿಗೆ ಉಳಿದದ್ದು ದ್ವೀಪದ ವಾಯವ್ಯದಲ್ಲಿ ಒಳಕ್ಕೆ ಬಾಗಿದ ಕೊಲ್ಲಿ, ಅದರೊಳಗೆ ಎರಡು ಡಾಕ್, ಐದು ಗ್ಯಾಲಿ. ಅಲ್ಲಿಯವರೆಗೆ ಪ್ರತಿ ಸಲ ಹೊಸ ಗ್ಯಾಲಿ ಮಾಡಿ ಹೊರಗೆ ಕಳಿಸಿ ಕಳೆದುಕೊಳ್ಳುತ್ತಿದ್ದವನು ಇಲ್ಲಿ ನಿಲ್ಲಿಸಿದ. ಹೊಸ ಹಡಗು ಬೇಡವೆಂದು ತೀರ್ಮಾನಿಸಿ, ಇದ್ದ ಐದನ್ನೂ ಡಾಕ್‌ಗಳ ಹಿಂದಕ್ಕೆ ಎಳೆದುಕೊಂಡು, ವಿಲೇಜರ್‌ಗಳನ್ನು, ಅಂದರೆ ದುಡಿಯುವ ಜನರನ್ನು, ಕಲ್ಲಿಗೆ ಹಚ್ಚಿದ. ಪಂದ್ಯದ ಅತಿ ಮುಖ್ಯ ನಿರ್ಧಾರ ಇದೇ. ಸೋಲುತ್ತಿರುವ ನೌಕಾ ಕಾಳಗಕ್ಕೆ ಮತ್ತೆ ಮತ್ತೆ ಮರ, ಚಿನ್ನ ಸುರಿಯುವುದನ್ನು ಬಿಡಲು ಮನಸ್ಸು ಗಟ್ಟಿ ಇರಬೇಕು.

650 ಕಲ್ಲಿಗೆ ಕ್ಯಾಸಲ್ ಎದ್ದಿತು. ಅದನ್ನು ಊರಿನ ನಡುವೆ ಕಟ್ಟದೆ ಕೊಲ್ಲಿಯ ಬಾಯಿಯ ಬಲದಂಡೆಯಲ್ಲಿ ಕಟ್ಟಿದ. ಸಂಶೋಧನೆಗೆ ಹೇಗಿದ್ದರೂ ಕ್ಯಾಸಲ್ ಬೇಕೇ ಬೇಕು. ಅದೇ ಕ್ಯಾಸಲ್ ಕೊಲ್ಲಿಯ ಬಾಯನ್ನೂ ಕಾಯಲಿ ಎಂಬ ಲೆಕ್ಕ.

ನಾಲ್ಕು ಡಾಕ್, ಒಂದು ಗುಂಡಿ

ಕ್ಯಾಸಲ್ ಮುಗಿದ ಕೂಡಲೇ ಸಂಶೋಧನೆಯ ಗುಂಡಿ ಒತ್ತುವುದು ಎಲ್ಲರ ಸಹಜ ಬುದ್ಧಿ. ತಮ್ಮ ಒತ್ತಲಿಲ್ಲ. ಮೊದಲು ಇನ್ನೆರಡು ಡಾಕ್ ಹಾಕಿದ. ಥಲಸಾಕ್ರಸಿಯ ಬೆಲೆ ಒಂದೇ ಸಲ ಕೊಡುವುದು. ಆಗ ಎರಡು ಡಾಕ್ ಇದ್ದರೆ ಎರಡು ಹಾರ್ಬರ್, ನಾಲ್ಕಿದ್ದರೆ ನಾಲ್ಕು. ಎದುರಾಳಿಗೆ ಸುದ್ದಿ ತಿಳಿಯುವುದೂ ಒಂದೇ ಸಲ. ಡಾಕ್ ಕಟ್ಟುವುದನ್ನು ನೋಡಿದ ಭಾವ, ಇವನು ಇನ್ನೂ ಹಡಗು ಮಾಡಿ ಸಾಯುತ್ತಾನೆ ಎಂದೇ ಭಾವಿಸಿದರು. ರೆಕಾರ್ಡಿಂಗ್‌ನಲ್ಲಿ ಅವರ ಮಾತು ಸ್ಪಷ್ಟವಾಗಿದೆ: "ಏ, ಮರ ಉಳಿಸ್ಕೊಳೋ, ಡಾಕ್ ಕಟ್ಟಿ ಏನ್ ಮಾಡ್ತೀಯ?"

ಡಾಕ್‌ಗಳನ್ನು ಇಟ್ಟ ಜಾಗವನ್ನು ನಿಧಾನವಾಗಿ ನೋಡಬೇಕು. ಎರಡು ಕೊಲ್ಲಿಯ ಎಡದಂಡೆಯಲ್ಲಿ, ಕ್ಯಾಸಲ್‌ಗೆ ಎದುರಾಗಿ ಬಾಯಿಯ ಕಡೆಗೆ ಇದ್ದವು. ಒಂದು ಒಳಗಿನ ಬಾಗಿನಲ್ಲಿ. ಇನ್ನೊಂದು ಬಲದಂಡೆಯಲ್ಲಿ, ಕ್ಯಾಸಲ್‌ನ ಹಿಂಬದಿಗೆ. ಯಾವ ಡಾಕ್ ಮೇಲೆ ದಾಳಿ ಮಾಡಲು ಬಂದ ಹಡಗಾದರೂ ಇನ್ನೆರಡರ ಬಾಣಕ್ಕೆ ಸಿಗಲೇಬೇಕು. ಸಾಲಾಗಿ ದಡದುದ್ದಕ್ಕೆ ಕಟ್ಟಿದ್ದರೆ ಭಾವ ಒಂದು ತುದಿಯಿಂದ ಒಂದೊಂದಾಗಿ ತಿಂದುಕೊಂಡು ಬರುತ್ತಿದ್ದರು.

ಎರಡನೆಯ ಸಂಗತಿ ರಿಪೇರಿ. ಡಾಕ್ ನೀರಲ್ಲಿದ್ದರೂ ಅದರ ಒಂದು ಮಗ್ಗುಲು ದಡಕ್ಕೆ ತಾಗಿರುತ್ತದೆ, ಅಲ್ಲಿ ವಿಲೇಜರ್ ನಿಂತು ರಿಪೇರಿ ಮಾಡಬಹುದು. ತಮ್ಮ ಪ್ರತಿ ಡಾಕ್‌ನ ಹಿಂದೆ ಸ್ವಲ್ಪ ಕಾಡನ್ನು ಕಡಿಯದೆ ಬಿಟ್ಟಿದ್ದ. ಅಲ್ಲೇ ಮರ ಕಡಿಯುವವರು ಇದ್ದರು, ಹತ್ತಿರವೇ ಲಂಬರ್ ಕ್ಯಾಂಪ್. ದಾಳಿ ಬಂದಾಗ ಕೊಡಲಿ ಬಿಟ್ಟು ರಿಪೇರಿಗೆ ಬರುತ್ತಾರೆ, ದಾಳಿ ಹೋದಾಗ ಮತ್ತೆ ಮರಕ್ಕೆ ಹೋಗುತ್ತಾರೆ. ಕಾವಲಿಗೆಂದು ಬೇರೆ ಜನ ಇಡಬೇಕಾಗಿಲ್ಲ. ಒಂಟಿ ಹಾರ್ಬರ್ ಯಾಕೆ ಬೀಳುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಹಿಂದೆ ವಿಲೇಜರ್ ಇದ್ದರೇ?

25ನೇ ನಿಮಿಷದ ಹೊತ್ತಿಗೆ ಭಾವ ಹನ್ನೆರಡು ವಾರ್ ಗ್ಯಾಲಿ, ನಾಲ್ಕು ಕ್ಯಾರವೆಲ್ ತಂದು ಎಡದಂಡೆಯ ಹೊರಗಿನ ಡಾಕ್‌ಗೆ ಬಿದ್ದರು. ಕ್ಯಾಸಲ್‌ನ ಬಾಣ ತಾಗದಂತೆ ಎಡಕ್ಕೇ ಒತ್ತಿಕೊಂಡು ಬಂದದ್ದು ಜಾಣತನ. ಡಾಕ್‌ನಿಂದ ಹೊಗೆ ಎದ್ದಿತು, ಆರು ಜನ ರಿಪೇರಿಗೆ ನಿಂತರು. ಅದರ ಜೀವ ಅರ್ಧಕ್ಕಿಂತ ಕೆಳಗಿಳಿದಾಗ ಸಂಶೋಧನೆ ಮುಗಿಯಿತು. ನಾಲ್ಕೂ ಕಟ್ಟಡಗಳ ರೂಪ ಬದಲಾಯಿತು, ಮೂರು ದಿಕ್ಕಿನಿಂದ ಬಾಣ ಹೊರಟವು. ಅದೇ ಕ್ಷಣಕ್ಕೆ ಹಿಂದೆ ಅಡಗಿದ್ದ ಐದು ಗ್ಯಾಲಿಗಳೂ ಹೊರಬಂದು ಒಂದೇ ಕ್ಯಾರವೆಲ್ ಮೇಲೆ ಗುರಿಯಿಟ್ಟವು. ಮೊದಲ ಕ್ಯಾರವೆಲ್ ಮುಳುಗಿದಾಗ ಭಾವನಿಗೆ ಬಾಣ ಎಲ್ಲಿಂದ ಬರುತ್ತಿದೆ ಎಂದೇ ತಿಳಿದಿರಲಿಲ್ಲ. "ಟವರ್ ಎಲ್ಲೋ ಇದೆ" ಎಂದು ದಡದಲ್ಲಿ ಹುಡುಕುತ್ತಿದ್ದರು.

"ಟವರ್ ಇಲ್ಲ ಭಾವ, ಡಾಕ್ ನೋಡಿ."

ಮೂರು ವಾರ್ ಗ್ಯಾಲಿ, ಎರಡು ಕ್ಯಾರವೆಲ್ ಕಳೆದುಕೊಂಡು ಅವರು ಹಿಂದೆ ಸರಿದರು. ಹಾಗೆ ನೋಡಿದರೆ ಅವರು ಸರಿಯಬೇಕಾಗಿರಲಿಲ್ಲ. ಅಷ್ಟು ಹಡಗು ಇದ್ದವರು ಆ ಒಂದು ಹಾರ್ಬರನ್ನು ಹಟ ಹಿಡಿದು ಹೊಡೆದಿದ್ದರೆ ಅದು ಬೀಳುತ್ತಿತ್ತು. ಆದರೆ ಬಿದ್ದ ಮೇಲೆ ಒಳಗೆ ಇನ್ನೆಷ್ಟಿವೆ ಎಂಬ ಅಳುಕು ಅವರನ್ನು ಹಿಂದಕ್ಕೆ ತಳ್ಳಿತು. ನಾಲ್ಕೂ ಒಟ್ಟಿಗೆ ಎದ್ದದ್ದರ ಫಲ ಅದು.

ನೆರಳಿನ ಬಳಕೆ

ಇಲ್ಲಿಂದ ಮುಂದೆ ತಮ್ಮ ಮಾಡಿದ್ದು ನನಗೆ ಅತ್ಯಂತ ಇಷ್ಟವಾದ ಭಾಗ. ದಾಳಿ ಹಿಮ್ಮೆಟ್ಟಿಸಿದ ಉತ್ಸಾಹದಲ್ಲಿ ಹಡಗು ಕಟ್ಟಿ ಹೊರಗೆ ಹೋಗಲಿಲ್ಲ. ಕೊಲ್ಲಿಯೊಳಗೆ ಫಿಶ್ ಟ್ರ್ಯಾಪ್ ಹಾಕಲು ಶುರುಮಾಡಿದ. ನಾಲ್ಕು ಹಾರ್ಬರ್‌ಗಳ ಬಾಣ ಹಾಯುವ ನೀರು ಎಷ್ಟಿದೆಯೋ ಅಷ್ಟರಲ್ಲಿ ಮಾತ್ರ. ಟ್ರ್ಯಾಪ್‌ಗಳನ್ನು ಒಂದೇ ಗೆರೆಯಲ್ಲಿ ಇಡದೆ ಓರೆಕೋರೆಯಾಗಿ ಇಟ್ಟ, ಕ್ಯಾರವೆಲ್‌ನ ಈಟಿಗೆ ಮೀನುಗಾರಿಕೆ ಹಡಗುಗಳು ಸಾಲಾಗಿ ಸಿಗಬಾರದೆಂದು. ಟ್ರ್ಯಾಪ್‌ಗಳೇ ಕೊಲ್ಲಿಯ ಬಾಯಿಯನ್ನು ಕಿರಿದಾಗಿಸಿದ್ದರಿಂದ ದೊಡ್ಡ ಗುಂಪು ಒಟ್ಟಿಗೆ ನುಗ್ಗುವುದೂ ಕಷ್ಟವಾಯಿತು.

ಟ್ರ್ಯಾಪ್‌ನಿಂದ ಆಹಾರ ನಿಧಾನವಾಗಿ ಬರುತ್ತದೆ, ಆಳಕಡಲಿನ ಮೀನಿನಷ್ಟು ವೇಗ ಇಲ್ಲ. ಆದರೆ ತಮ್ಮನಿಗೆ ಬೇಕಾಗಿದ್ದದ್ದು ನಿಲ್ಲದೆ ಬರುವ ಆಹಾರ. ಇಂಪೀರಿಯಲ್‌ಗೆ ಹೋಗಲು 1000 ಆಹಾರ, 800 ಚಿನ್ನ ಬೇಕು. ಆಹಾರವನ್ನು ಕೊಲ್ಲಿ ನೋಡಿಕೊಂಡಿತು, ಹೊಲಕ್ಕೆ ಹೋಗಬೇಕಾಗಿದ್ದ ವಿಲೇಜರ್‌ಗಳು ಚಿನ್ನಕ್ಕೆ ಹೋದರು.

ಈ ನಡುವೆ ಒಂದು ಪ್ರಯತ್ನ ಕೈಕೊಟ್ಟಿತು. ಎರಡು ದ್ವೀಪಗಳ ನಡುವಿನ ನಡುಗಡ್ಡೆಯ ದಡದಲ್ಲಿ ತಮ್ಮ ಐದನೇ ಹಾರ್ಬರ್ ಕಟ್ಟಿಸಿದ. ಭಾವನ ಹಡಗುಗಳ ದಾರಿಗೆ ಅಡ್ಡ ನಿಲ್ಲಿಸುವ ಯೋಚನೆ. ನಕಾಶೆಯಲ್ಲಿ ನೋಡಿದರೆ ಅದ್ಭುತ ಜಾಗ. ಆದರೆ ಅಲ್ಲಿ ಅದರ ಜೊತೆಗೆ ಬಾಣ ಬಿಡುವ ಎರಡನೇ ಕಟ್ಟಡ ಇರಲಿಲ್ಲ, ಕಟ್ಟಿದ ಇಬ್ಬರು ವಿಲೇಜರ್‌ಗಳು ದಡದ ಬಯಲಲ್ಲೇ ನಿಂತಿದ್ದರು. ಕ್ಯಾರವೆಲ್‌ಗಳು ಮೊದಲು ಅವರನ್ನು ಕೊಂದವು, ಆಮೇಲೆ ಹಾರ್ಬರ್ ಒಡೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದೇ ಕಟ್ಟಡ, ಅದೇ ಬಾಣ. ಕೊಲ್ಲಿಯಲ್ಲಿ ನಿಂತದ್ದು ನಡುಗಡ್ಡೆಯಲ್ಲಿ ನಿಲ್ಲಲಿಲ್ಲ. ಮುಂದಕ್ಕೆ ಹಾರ್ಬರ್ ಕಟ್ಟಲೇಬಾರದು ಎಂದು ಇದರಿಂದ ಹೇಳಲಾರೆ. ಎರಡನ್ನು ಜೋಡಿಯಾಗಿ, ನಾಲ್ಕೈದು ಜನರನ್ನು ಮರಗಳ ಮರೆಯಲ್ಲಿಟ್ಟು ಕಟ್ಟಿದ್ದರೆ ಲೆಕ್ಕ ಬೇರೆ ಇರುತ್ತಿತ್ತು.

ಭಾವನ ಎರಡನೇ ಅಸ್ತ್ರ ಡೆಮೊಲಿಷನ್ ಶಿಪ್. ಮದ್ದು ತುಂಬಿಕೊಂಡು ಬಂದು ತಾನೂ ಸಿಡಿದು ಸುತ್ತಲಿನದನ್ನೂ ಸುಡುವ ಹಡಗು. ಹಾರ್ಬರ್‌ನ ಬಾಣ ಬೀಳುವ ವೇಗಕ್ಕೆ ಡೆಮೊ ದಡ ಮುಟ್ಟುವ ಮುಂಚೆ ಸಾಯುವುದು ಖಚಿತವಿಲ್ಲ. ಆ ಐದು ಗ್ಯಾಲಿಗಳು ಇಲ್ಲಿ ಉಪಯೋಗಕ್ಕೆ ಬಂದವು. ಹಾರ್ಬರ್‌ಗಳ ಹಿಂದೆ ನಿಂತೇ ದೂರದಿಂದ ಡೆಮೊಗಳನ್ನು ಹೊಡೆದು ಸಿಡಿಸಿದವು. ಎರಡು ಮಾತ್ರ ತಪ್ಪಿಸಿಕೊಂಡು ಬಂದು ಟ್ರ್ಯಾಪ್‌ಗಳನ್ನು ಸುಟ್ಟವು, ಅವನ್ನು ಮತ್ತೆ ಹಾಕಿದ್ದಾಯಿತು. ಹಾರ್ಬರ್ ಇದ್ದ ಮಾತ್ರಕ್ಕೆ ಹಡಗು ಬೇಡ ಎನ್ನುವವರು ಈ ಐದು ನಿಮಿಷವನ್ನು ನೋಡಬೇಕು.

ಫಿರಂಗಿ ಬಂದ ಮೇಲೆ

ಇಂಪೀರಿಯಲ್ ಯುಗಕ್ಕೆ ಮಲಯರು ಮೊದಲು ತಲುಪಿದರು, ಹಿಂದೆಯೇ ಭಾವನೂ ಬಂದರು. ಕೆಮಿಸ್ಟ್ರಿ ಸಂಶೋಧನೆ ಮುಗಿಸಿ ಫಿರಂಗಿ ಹೊತ್ತ ಕ್ಯಾನನ್ ಗ್ಯಾಲಿಯನ್ ತಂದರೆ ಹಾರ್ಬರ್‌ನ ಕತೆ ಮುಗಿಯಿತೆಂದು ಇಬ್ಬರಿಗೂ ಗೊತ್ತಿತ್ತು. ಅದರ ಗುಂಡು ಹೋಗುವ ದೂರದ ಮುಂದೆ ಹಾರ್ಬರ್‌ನ ಬಾಣ ಏನೇನೂ ಅಲ್ಲ. ಹಾರ್ಬರನ್ನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಈ ಘಟ್ಟದಲ್ಲಿ ಅದು ಬೀಳುವುದೇ. ಅದು ಬೀಳುವ ಮೊದಲು ಏನು ಮಾಡಿ ಮುಗಿಸಿದಿರಿ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ತಮ್ಮ ಫೋರ್ಸ್ಡ್ ಲೆವಿ ಮುಗಿಸಿದ. ಬ್ಯಾರಕ್ಸ್‌ಗಳಿಂದ ಟೂ ಹ್ಯಾಂಡೆಡ್ ಸ್ವೋರ್ಡ್ಸ್‌ಮನ್‌ಗಳು ಚಿನ್ನವಿಲ್ಲದೆ ಬರತೊಡಗಿದರು. ಆಹಾರ ಕೊಟ್ಟದ್ದು ಕೊಲ್ಲಿ. ದ್ವೀಪದ ಆಗ್ನೇಯ ದಡದಲ್ಲಿ, ಯಾರೂ ನೋಡದ ಕಡೆ, ಒಂದು ಹೊಸ ಹಾರ್ಬರ್ ಹಾಕಿ ಅಲ್ಲಿಂದ ಸಾಗಣೆ ಹಡಗುಗಳನ್ನು ಇಳಿಸಿದ. ಭಾವನ ಇಡೀ ನೌಕಾಪಡೆ ಆಗ ವಾಯವ್ಯದಲ್ಲಿತ್ತು. ಕ್ಯಾನನ್ ಗ್ಯಾಲಿಯನ್‌ಗಳು ಹೊರಗೆ ನಿಂತು ಒಂದೊಂದಾಗಿ ಹಾರ್ಬರ್ ಒಡೆಯುತ್ತಿದ್ದವು, ಅವನ್ನು ಕಾಯಲು ಗ್ಯಾಲಿಯನ್‌ಗಳು ಸುತ್ತ ನಿಂತಿದ್ದವು. ಎಡದಂಡೆಯ ಎರಡೂ ಹಾರ್ಬರ್ ಬಿದ್ದವು. ತಮ್ಮ ಅವನ್ನು ಉಳಿಸಲು ಹೋಗಲಿಲ್ಲ, ವಿಲೇಜರ್‌ಗಳನ್ನು ಮಾತ್ರ ಹಿಂದಕ್ಕೆ ಕರೆದುಕೊಂಡ. ಮೂರನೆಯದಕ್ಕೆ ಮಾತ್ರ ರಿಪೇರಿ ಬಿಡದೆ ನಡೆಸಿದ, ಭಾವ ಅಲ್ಲೇ ತೊಡಗಿಕೊಂಡಿರಲಿ ಎಂದು.

ಅದೇ ಹೊತ್ತಿಗೆ ಕತ್ತಿಯಾಳುಗಳು ಪೋರ್ಚುಗೀಸ್ ದ್ವೀಪದ ಹಿಂಬದಿಗೆ ಇಳಿದರು. ಅಲ್ಲಿ ಭಾವ ಎರಡು ಫೆಯಿತೋರಿಯಾ ಕಟ್ಟಿದ್ದರು. ಒಂದೊಂದೂ ಜನಸಂಖ್ಯೆಯ ಮಿತಿಯಲ್ಲಿ 20 ಜನರ ಜಾಗ ನುಂಗಿ, ಕೆಲಸಗಾರರಿಲ್ಲದೆ ತಾನಾಗಿಯೇ ಸಂಪನ್ಮೂಲ ಕೊಡುವ ವ್ಯಾಪಾರ ಕೋಠಿ ಅದು. ಕಾವಲಿಗೆ ಕಾಲಾಳುಗಳೇ ಇರಲಿಲ್ಲ. ಜನಸಂಖ್ಯೆಯ ಉಳಿದ ಪಾಲೆಲ್ಲ ಹಡಗಿನಲ್ಲಿತ್ತು. ಕತ್ತಿಯವರಿಗೆ ಕಟ್ಟಡ ಒಡೆಯುವುದು ಸುಲಭ. ಎರಡೂ ಫೆಯಿತೋರಿಯಾ ಹೋದವು, ಆಮೇಲೆ ದಡದ ಡಾಕ್‌ಗಳು. ನೌಕಾಪಡೆ ತಿರುಗಿ ಮನೆಗೆ ಬರುವ ಹೊತ್ತಿಗೆ ಹೊಸ ಹಡಗು ಕಟ್ಟಲು ಡಾಕ್ ಇರಲಿಲ್ಲ. ಎರಡನೇ ಸುತ್ತಿನ ಸಾಗಣೆ ಹಡಗುಗಳಲ್ಲಿ ಒಂದು ಮುಳುಗಿತು, ಒಂದು ದಡ ಸೇರಿತು. ಅಷ್ಟು ಸಾಕಾಯಿತು. ಟೌನ್ ಸೆಂಟರ್ ಸುತ್ತ ಕತ್ತಿಯವರು ಸೇರಿದಾಗ ಭಾವ ರಿಸೈನ್ ಮಾಡಿದರು.

ಭಾವನ ಕಡೆಯಿಂದ ನೋಡಿದರೆ ಈ ಪಂದ್ಯವನ್ನು ಕ್ಯಾನನ್ ಗ್ಯಾಲಿಯನ್ ಬರುವ ಮೊದಲೇ ಮುಗಿಸಬಹುದಿತ್ತು. 25ನೇ ನಿಮಿಷದ ದಾಳಿ ಸೋತ ಮೇಲೆ ಅವರು ಅದೇ ಬಾಯಿಗೆ ಮತ್ತೆ ಮತ್ತೆ ಹಡಗು ತಂದರು. ಹಾರ್ಬರ್‌ಗಳ ಹಿಂದಿನ ನೆಲ ಬರಿದಾಗಿತ್ತು. ಅಲ್ಲಿ ಗೋಡೆ ಇರಲಿಲ್ಲ, ಸೈನಿಕರೂ ಇರಲಿಲ್ಲ, ಇದ್ದದ್ದು ಕೊಡಲಿ ಹಿಡಿದ ವಿಲೇಜರ್‌ಗಳು ಮಾತ್ರ. ಎಂಟು ಹತ್ತು ನೈಟ್‌ಗಳನ್ನು ಬೇರೆ ದಡದಲ್ಲಿ ಇಳಿಸಿ ಆ ಕಾಡಿನ ಅಂಚಿಗೆ ಓಡಿಸಿದ್ದರೆ ರಿಪೇರಿ ನಿಲ್ಲುತ್ತಿತ್ತು, ಹಾರ್ಬರ್‌ಗೆ ಮರ ಬರುವುದೂ ನಿಲ್ಲುತ್ತಿತ್ತು.

ನಿಜವಾದ ಪೋರ್ಚುಗೀಸರು ಮಲಕ್ಕಾದಲ್ಲಿ ಮಾಡಿದ್ದು ಇದನ್ನೇ. ಹೊನ್ನಾವರದ ತಿಮ್ಮಯ್ಯನ ನೆರವಿನಿಂದ 1510ರಲ್ಲಿ ಗೋವಾಕ್ಕೆ ಕೈಹಾಕಿದ್ದ ಅಫೊನ್ಸೊ ದ ಆಲ್ಬುಕರ್ಕ್, ಮರುವರ್ಷ ಮಲಕ್ಕಾದ ಮುಂದೆ ಲಂಗರು ಹಾಕಿದ. ಊರೊಳಗೆ ಸಾಕಷ್ಟು ಫಿರಂಗಿಗಳಿದ್ದವು. ಹಡಗಿನಿಂದ ಗುಂಡು ಹಾರಿಸುವುದಕ್ಕಷ್ಟೇ ನಿಲ್ಲದೆ ಅವನು ಜನರನ್ನು ದಡಕ್ಕಿಳಿಸಿ, ನದಿಯ ಮೇಲಿನ ಸೇತುವೆಗೆ ಗುರಿಯಿಟ್ಟ. ಊರಿನ ಎರಡು ಭಾಗಗಳನ್ನು ಜೋಡಿಸುತ್ತಿದ್ದ ಸೇತುವೆ ಅದು. ಮೊದಲ ಸಲ ಹಿಡಿದೂ ಉಳಿಸಿಕೊಳ್ಳಲಾಗದೆ ಹಿಂದೆ ಸರಿದ. ಎರಡನೇ ಸಲ ಎತ್ತರದ ಜಂಕ್ ಹಡಗೊಂದನ್ನು ಭರತದ ನೀರಿನಲ್ಲಿ ಸೇತುವೆಯ ಹತ್ತಿರಕ್ಕೆ ತಂದು ನಿಲ್ಲಿಸಿದ. ಆಗಸ್ಟ್ 1511ರಲ್ಲಿ ಮಲಕ್ಕಾ ಬಿತ್ತು. ನಮ್ಮ ಪಂದ್ಯದಲ್ಲಿ ಭಾವನ ಹತ್ತಿರ ಕೊನೆಯವರೆಗೂ ಸಾಗಣೆ ಹಡಗು ಒಂದೂ ಇರಲಿಲ್ಲ.